ಮಲಗಿದ ಪ್ರಾಣಿಯ ಉಸಿರು: ಸಾಕುಪ್ರಾಣಿಗಳ ಹೃದಯ ಕಾಯಿಲೆಯ ಗುರುತು ಮತ್ತು ನಿರ್ವಹಣೆ

(ನಾಯಿ, ಬೆಕ್ಕು ಸಾಕುವವರಿಗಾಗಿ ನೀಡಿದ ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಮಾನ್ಯರೇ,

"ಚೆನ್ನಾಗಿಯೇ ಇತ್ತು, ಇದ್ದಕ್ಕಿದ್ದಂತೆ ಹಾರ್ಟ್ ಅಟ್ಯಾಕ್ ಆಗಿ ಹೋಯಿತು" ಎಂದು ನಾಯಿಯನ್ನು ಕಳೆದುಕೊಂಡವರು ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಮನುಷ್ಯರಲ್ಲಿ ಹೃದಯಾಘಾತ ಎಂದರೆ ಹೃದಯಕ್ಕೆ ರಕ್ತ ಕೊಡುವ ನಾಳಗಳಲ್ಲಿ ಕೊಬ್ಬು ಕಟ್ಟಿ, ಅಲ್ಲಿ ರಕ್ತ ಹೆಪ್ಪುಗಟ್ಟಿ, ಸ್ನಾಯುವಿನ ಒಂದು ಭಾಗ ಸಾಯುವುದು. ನಾಯಿ ಮತ್ತು ಬೆಕ್ಕುಗಳಲ್ಲಿ ಈ ಬಗೆಯ ಕಾಯಿಲೆ ತೀರಾ ಅಪರೂಪ. ಆದ್ದರಿಂದ ತುಪ್ಪ ತಿನ್ನಿಸಿದ್ದರಿಂದ ಹೀಗಾಯಿತೇ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಬೇಕಿತ್ತೇ ಎಂದು ಕೊರಗುವುದರಲ್ಲಿ ಅರ್ಥವಿಲ್ಲ. ನಾಯಿಗಳಲ್ಲಿ ಸಾಮಾನ್ಯವಾಗಿ ಕೆಡುವುದು ಹೃದಯದ ಕವಾಟ ಅಥವಾ ಸ್ನಾಯು. ಬೆಕ್ಕುಗಳಲ್ಲಿ ಬಹುಪಾಲು ಸ್ನಾಯು. ಇವು ತಿಂಗಳುಗಳಲ್ಲಿ, ವರ್ಷಗಳಲ್ಲಿ ಬೆಳೆಯುವ ಕಾಯಿಲೆಗಳು. ನಮ್ಮ ಕಣ್ಣಿಗೆ ಬೀಳುವ ಕೊನೆಯ ದಿನ ಮಾತ್ರ ಹಠಾತ್ತಾಗಿರುತ್ತದೆ. ಅದಕ್ಕೂ ಮೊದಲು ಸಿಗುವ ದೀರ್ಘ ಅವಧಿಯಲ್ಲಿ ಮನೆಯವರು ಏನನ್ನು ನೋಡಬೇಕು, ವೈದ್ಯರಿಂದ ಏನನ್ನು ಕೇಳಬೇಕು ಎಂಬುದಕ್ಕೆ ಈ ಮಾತು ಮೀಸಲು.

ಮೊದಲು ಕವಾಟದ ಕಾಯಿಲೆ. ಹೃದಯದ ಎಡಭಾಗದಲ್ಲಿ, ಮೇಲಿನ ಹೃತ್ಕರ್ಣ ಮತ್ತು ಕೆಳಗಿನ ಹೃತ್ಕುಕ್ಷಿಯ ನಡುವೆ ಮೈಟ್ರಲ್ ಕವಾಟವಿದೆ. ವಯಸ್ಸಾದಂತೆ ಕೆಲವು ನಾಯಿಗಳಲ್ಲಿ ಇದರ ಅಂಚುಗಳು ದಪ್ಪಗಾಗಿ, ಗಂಟುಗಂಟಾಗಿ, ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಕೂರದ ಹಳೆಯ ಬಾಗಿಲಿನಂತೆ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಹೃದಯ ಹಿಂಡಿದಾಗಲೆಲ್ಲ ಮುಂದೆ ಹೋಗಬೇಕಾದ ರಕ್ತದ ಒಂದು ಪಾಲು ಹಿಂದಕ್ಕೆ ಸೋರುತ್ತದೆ. ಸ್ಟೆತೋಸ್ಕೋಪ್ ಇಟ್ಟಾಗ ಕೇಳುವ 'ಮರ್ಮರ್' ಎಂಬ ಹೆಚ್ಚುವರಿ ಸದ್ದು ಈ ಸೋರಿಕೆಯದು. ಹೀಗೆ ವರ್ಷಗಟ್ಟಲೆ ಸೋರುತ್ತಾ ಹೋದರೆ ಎಡ ಹೃತ್ಕರ್ಣ ಹಿಗ್ಗುತ್ತದೆ, ಒತ್ತಡ ಶ್ವಾಸಕೋಶದ ರಕ್ತನಾಳಗಳಿಗೆ ಹಿಂದಿರುಗುತ್ತದೆ, ಕೊನೆಗೊಂದು ದಿನ ಶ್ವಾಸಕೋಶದೊಳಗೆ ನೀರು ತುಂಬುತ್ತದೆ. ಹೃದಯ ವೈಫಲ್ಯ ಎಂದು ಕರೆಯುವುದು ಈ ಸ್ಥಿತಿಯನ್ನು. ಸಣ್ಣ ತಳಿಗಳಲ್ಲಿ ಇದು ಹೆಚ್ಚು: ಡ್ಯಾಷ್‌ಹಂಡ್, ಶಿಟ್ಜೂ, ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್, ಮತ್ತು ನಮ್ಮ ಊರುಗಳಲ್ಲಿ ಪಮೇರಿಯನ್ ಎಂದೇ ಹೆಸರಾದ ಬಿಳಿಯ ಸ್ಪಿಟ್ಜ್ ನಾಯಿಗಳು.

ಮರ್ಮರ್ ಇದೆ ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರು ಎರಡು ತುದಿಗಳಲ್ಲಿ ಒಂದಕ್ಕೆ ಹೋಗುತ್ತಾರೆ. ಒಂದೋ "ಆಡಿಕೊಂಡಿದೆಯಲ್ಲ, ಬಿಡಿ" ಎನ್ನುತ್ತಾರೆ, ಇಲ್ಲವೇ ಅಂದೇ ಮಾತ್ರೆ ಬೇಕೆನ್ನುತ್ತಾರೆ. ಎರಡೂ ಸರಿಯಲ್ಲ. ಅಮೆರಿಕದ ಪಶುವೈದ್ಯ ತಜ್ಞರ ಸಂಸ್ಥೆಯಾದ ಎಸಿವಿಐಎಂ 2009ರಲ್ಲಿ ರೂಪಿಸಿ 2019ರಲ್ಲಿ ಪರಿಷ್ಕರಿಸಿದ ಹಂತಗಳ ಪಟ್ಟಿಯನ್ನು ಈಗ ಜಗತ್ತಿನಾದ್ಯಂತ ವೈದ್ಯರು ಬಳಸುತ್ತಾರೆ. ತಳಿಯ ಕಾರಣಕ್ಕೆ ಅಪಾಯವಿದ್ದರೂ ಕಾಯಿಲೆ ಇನ್ನೂ ಬಾರದ ನಾಯಿ 'ಎ' ಹಂತದಲ್ಲಿರುತ್ತದೆ. ಮರ್ಮರ್ ಇದ್ದೂ ಹೃದಯ ಅಷ್ಟಾಗಿ ಹಿಗ್ಗದಿದ್ದರೆ 'ಬಿ1'. ಗಣನೀಯವಾಗಿ ಹಿಗ್ಗಿದ್ದು, ಹೊರಗೆ ಯಾವ ಲಕ್ಷಣವೂ ಕಾಣದಿದ್ದರೆ 'ಬಿ2'. ಶ್ವಾಸಕೋಶಕ್ಕೆ ಒಮ್ಮೆ ನೀರು ಬಂದರೆ 'ಸಿ', ಸಾಮಾನ್ಯ ಪ್ರಮಾಣದ ಔಷಧಕ್ಕೆ ಬಗ್ಗದಿದ್ದರೆ 'ಡಿ'. ಬಿ1 ಹಂತದಲ್ಲಿ ಔಷಧ ಬೇಕಿಲ್ಲ. ವರ್ಷಕ್ಕೊಮ್ಮೆಯಾದರೂ ಮರುಪರೀಕ್ಷೆ ಸಾಕು. ಬಿ2 ಹಂತದಲ್ಲಿ ಬೇಕು. 2016ರಲ್ಲಿ ಪ್ರಕಟವಾದ ಎಪಿಕ್ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. 11 ದೇಶಗಳ 36 ಕೇಂದ್ರಗಳಲ್ಲಿ, ಬಿ2 ಹಂತದ 360 ನಾಯಿಗಳ ಮೇಲೆ ನಡೆದ ಆ ಅಧ್ಯಯನದಲ್ಲಿ ಪಿಮೋಬೆಂಡಾನ್ ಎಂಬ ಹೃದಯದ ಔಷಧ ಪಡೆದ ನಾಯಿಗಳು ಹೃದಯ ವೈಫಲ್ಯವನ್ನು ಅಥವಾ ಹೃದಯ ಸಂಬಂಧಿ ಸಾವನ್ನು ಮುಟ್ಟಲು ತೆಗೆದುಕೊಂಡ ಮಧ್ಯಮಾಂಕ ಅವಧಿ 1228 ದಿನಗಳು. ಔಷಧವಿಲ್ಲದ ಗುಂಪಿನಲ್ಲಿ ಅದು 766 ದಿನಗಳು. ಸುಮಾರು 15 ತಿಂಗಳ ಅಂತರ. ನಾಯಿಯ ಆಯುಸ್ಸಿನ ಲೆಕ್ಕದಲ್ಲಿ 15 ತಿಂಗಳು ಎಂದರೆ ಚಿಕ್ಕ ಮಾತಲ್ಲ. ಆದ್ದರಿಂದ ಮರ್ಮರ್ ಕೇಳಿಸಿತು ಎಂದಾಗ ನೀವು ಕೇಳಬೇಕಾದ ಪ್ರಶ್ನೆ "ಮಾತ್ರೆ ಯಾವುದು?" ಎಂಬುದಲ್ಲ, "ಹೃದಯ ಹಿಗ್ಗಿದೆಯೇ?" ಎಂಬುದು.

ಅದಕ್ಕೆ ಉತ್ತರ ಹೇಳುವುದು ಎಕೋ ಪರೀಕ್ಷೆ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್. ಎಲ್ಲ ತಾಲ್ಲೂಕುಗಳಲ್ಲೂ ಪ್ರಾಣಿಗಳಿಗೆ ಎಕೋ ಮಾಡುವವರು ಸಿಗುವುದಿಲ್ಲ ಎಂಬುದು ನಿಜ. ಅಂಥ ಕಡೆ ಎದೆಯ ಎಕ್ಸ್-ರೇ ಸಾಕಷ್ಟು ಹೇಳುತ್ತದೆ. ಅದರಲ್ಲಿ ಹೃದಯದ ಉದ್ದ ಮತ್ತು ಅಗಲವನ್ನು ಅದೇ ನಾಯಿಯ ಬೆನ್ನುಮೂಳೆಯ ಮಣಿಗಳ ಅಳತೆಗೆ ಹೋಲಿಸಿ ಒಂದು ಅಂಕಿ ಪಡೆಯುತ್ತಾರೆ. ಬಹುತೇಕ ನಾಯಿಗಳಲ್ಲಿ ಇದು 10.5ರ ಒಳಗಿರುತ್ತದೆ. ಎಕೋ ಸೌಲಭ್ಯವಿಲ್ಲದಿದ್ದಾಗ ಈ ಅಂಕಿ 11.5 ಅಥವಾ ಹೆಚ್ಚಿದ್ದರೆ ಹೃದಯ ಹಿಗ್ಗಿದೆ ಎಂದು ತೀರ್ಮಾನಿಸಲು 2019ರ ಮಾರ್ಗಸೂಚಿ ಅವಕಾಶ ಕೊಡುತ್ತದೆ. ಗ್ರೇಹೌಂಡ್‌ನಂತಹ ಓಟದ ನಾಯಿಗಳಿಗೆ ಹುಟ್ಟಿನಿಂದಲೇ ದೇಹಕ್ಕೆ ಹೋಲಿಸಿದರೆ ದೊಡ್ಡ ಹೃದಯ, ಕೆಲವಕ್ಕೆ ಕಾಯಿಲೆಯಿಲ್ಲದೆಯೂ ಮೆಲುವಾದ ಮರ್ಮರ್ ಇರುತ್ತದೆ. ನಮ್ಮ ಮುಧೋಳ ನಾಯಿಯೂ ಓಟಕ್ಕೆಂದೇ ಬೆಳೆದ ತಳಿಯಾದ್ದರಿಂದ, ಅದರ ಎಕ್ಸ್-ರೇ ನೋಡಿ ಅವಸರದ ತೀರ್ಮಾನಕ್ಕೆ ಬರಬಾರದು.

ಇನ್ನು ಮನೆಯಲ್ಲಿ ಕಾಣುವ ಲಕ್ಷಣಗಳು. ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಲ್ಲುವುದು, ಸಂಜೆಯ ವಾಕಿಂಗ್‌ನಲ್ಲಿ ಹಿಂದೆ ಬೀಳುವುದು, ರಾತ್ರಿ ಒಂದೆಡೆ ಮಲಗಲಾರದೆ ಜಾಗ ಬದಲಿಸುವುದು, ಮುಂಗಾಲುಗಳ ಮೊಣಕೈಯನ್ನು ಎದೆಯಿಂದ ದೂರ ಚಾಚಿ ಕತ್ತು ನೀಡಿ ಕೂರುವುದು, ತೂಕ ಇಳಿಯುವುದು. ಇವುಗಳಲ್ಲಿ ಮೊದಲ ಎರಡನ್ನು ಬಹುತೇಕ ಎಲ್ಲರೂ "ವಯಸ್ಸಾಯಿತಲ್ಲ" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ವಯಸ್ಸು ಕಾಯಿಲೆಯಲ್ಲ ಎಂಬುದನ್ನು ನೆನಪಿಡುವುದು ಒಳ್ಳೆಯದು.

ಕೆಮ್ಮಿನ ವಿಷಯ ಸ್ವಲ್ಪ ಗೋಜಲು. ಪಮೇರಿಯನ್‌ನಂತಹ ಸಣ್ಣ ನಾಯಿಗಳಲ್ಲಿ ಶ್ವಾಸನಾಳವೇ ಬಲಹೀನವಾಗಿ ಕುಸಿಯುವ ಇನ್ನೊಂದು ಕಾಯಿಲೆಯೂ ಸಾಮಾನ್ಯ. ಕೊರಳಪಟ್ಟಿ ಎಳೆದಾಗ, ಉದ್ವೇಗವಾದಾಗ, ಗಟ್ಟಿಯಾಗಿ ಒಣ ಕೆಮ್ಮು ಬಂದು, ಉಳಿದ ಹೊತ್ತಿನಲ್ಲಿ ನಾಯಿ ಗೆಲುವಾಗಿಯೇ ಇದ್ದರೆ ಸಂಶಯ ಮೊದಲು ಆ ಕಡೆ ಹೋಗಬೇಕು. ಹಿಗ್ಗಿದ ಎಡ ಹೃತ್ಕರ್ಣ ಮೇಲಿರುವ ಶ್ವಾಸನಾಳದ ಕವಲನ್ನು ಒತ್ತುವುದರಿಂದಲೂ, ಶ್ವಾಸಕೋಶದಲ್ಲಿ ಒಂದು ಹನಿ ನೀರಿಲ್ಲದೆಯೂ ಕೆಮ್ಮು ಬರಬಹುದು. ಇವೆರಡರಲ್ಲೂ ನೀರು ಇಳಿಸುವ ಮಾತ್ರೆಯಿಂದ ಉಪಯೋಗವಿಲ್ಲ. ಕೆಮ್ಮಿತು ಎಂಬ ಒಂದೇ ಕಾರಣಕ್ಕೆ ಲ್ಯಾಸಿಕ್ಸ್ ಆರಂಭಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ, ಅದು ನಿಲ್ಲಬೇಕು.

ಕೆಮ್ಮಿಗಿಂತ ನಂಬಬಹುದಾದ ಅಳತೆ ನಿದ್ದೆಯಲ್ಲಿನ ಉಸಿರು. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ನಾಯಿ ಅಥವಾ ಬೆಕ್ಕು ಗಾಢವಾಗಿ ಮಲಗಿದ ಮೇಲೆ, ಮುಟ್ಟದೆ, ಕೂಗದೆ, ಸ್ವಲ್ಪ ದೂರದಲ್ಲಿ ಕುಳಿತು ಪಕ್ಕೆಯನ್ನು ನೋಡಿ. ಪಕ್ಕೆ ಏರಿ ಇಳಿದರೆ ಒಂದು ಉಸಿರು. ಏರಿದ್ದಕ್ಕೊಂದು, ಇಳಿದದ್ದಕ್ಕೊಂದು ಎಂದು ಎಣಿಸಬಾರದು. ಗಡಿಯಾರ ನೋಡಿಕೊಂಡು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಕನಸಿನಲ್ಲಿ ಕಾಲಾಡಿಸುತ್ತಾ ಮೀಸೆ ಕುಣಿಸುತ್ತಿದ್ದರೆ ಅದು ಮುಗಿಯುವವರೆಗೆ ಕಾಯಿರಿ. ವಾಕಿಂಗ್ ಮುಗಿಸಿ ಬಂದ ಕೂಡಲೇ, ಸೆಕೆಯ ಮಧ್ಯಾಹ್ನದಲ್ಲಿ ನಾಲಿಗೆ ಚಾಚಿ ತೇಕುತ್ತಿರುವಾಗ ಎಣಿಸಿದ ಲೆಕ್ಕ ಲೆಕ್ಕವಲ್ಲ. ಆರೋಗ್ಯವಂತ ನಾಯಿ, ಬೆಕ್ಕುಗಳಲ್ಲಿ ನಿಮಿಷಕ್ಕೆ 30ರೊಳಗೆ, ಬಹಳಷ್ಟು ಸಲ 15ರಿಂದ 25ರ ನಡುವೆ ಇರುತ್ತದೆ. ಮತ್ತೆ ಮತ್ತೆ ಎಣಿಸಿದಾಗಲೂ 30 ದಾಟಿದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. 40 ದಾಟಿ ಹೊಟ್ಟೆಯೂ ಎಳೆದುಕೊಳ್ಳುತ್ತಿದ್ದರೆ ಬೆಳಗಾಗುವವರೆಗೆ ಕಾಯಬಾರದು. ಅಂಕಿಗಿಂತ ಅದರ ನಡೆ ಮುಖ್ಯ. ಸದಾ 16 ಇರುತ್ತಿದ್ದ ನಾಯಿಯ ಉಸಿರು ಕೆಲವು ದಿನಗಳಿಂದ 27, 28ಕ್ಕೆ ಏರಿದ್ದರೆ, ಗಡಿ ದಾಟಿಲ್ಲವೆಂದು ಸುಮ್ಮನಿರಬಾರದು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಈ ಅಂಕಿಯನ್ನು ಬರೆದಿಡುವ ಮನೆಗಳನ್ನು ನಾನು ಬಲ್ಲೆ. ಆ ಕ್ಯಾಲೆಂಡರಿನ ಪುಟದ ಫೋಟೋ ನನಗೆ ಎಷ್ಟೋ ಸಲ ಎಕ್ಸ್-ರೇಗಿಂತ ಮೊದಲು ದಾರಿ ತೋರಿಸಿದೆ.

ಎದೆಬಡಿತವನ್ನೂ ಎಣಿಸಬಹುದು, ಆದರೆ ಒಂದು ಎಚ್ಚರಿಕೆ ಬೇಕು. ಎಡ ಮೊಣಕೈಯ ಹಿಂದೆ ಬೆರಳಿಟ್ಟಾಗ ಆರೋಗ್ಯವಂತ ನಾಯಿಯ ಬಡಿತ ಉಸಿರು ಎಳೆದಾಗ ಬೇಗವಾಗಿಯೂ, ಬಿಟ್ಟಾಗ ನಿಧಾನವಾಗಿಯೂ ಇರುವುದು ತಿಳಿಯುತ್ತದೆ. ಈ ಏರುಪೇರು ಸಹಜ, ಗಾಬರಿಪಡಬೇಕಿಲ್ಲ. ಹೃದಯ ವೈಫಲ್ಯವಾದಾಗ ಸಾಮಾನ್ಯವಾಗಿ ಇದು ಮಾಯವಾಗಿ ಬಡಿತ ಒಂದೇ ಸಮ ವೇಗವಾಗಿ ಓಡುತ್ತದೆ.

ಕೆಲವು ನಾಯಿಗಳು ಬಾಗಿಲ ಬೆಲ್ ಆದಾಗ ಓಡಿ ಬಂದು ಧೊಪ್ಪನೆ ಬೀಳುತ್ತವೆ. ಇದು ಫಿಟ್ಸೋ, ಹೃದಯದಿಂದ ಬಂದ ಮೂರ್ಛೆಯೋ ಎಂದು ತಿಳಿಯುವುದು ಚಿಕಿತ್ಸೆಯ ದೃಷ್ಟಿಯಿಂದ ಬಹಳ ಮುಖ್ಯ. ಮೂರ್ಛೆಯಲ್ಲಿ ಸಾಮಾನ್ಯವಾಗಿ ಮೈ ಸಡಿಲವಾಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಕೆಲವೇ ಕ್ಷಣಗಳಲ್ಲಿ ನಾಯಿ ಎದ್ದು ಏನೂ ಆಗಿಲ್ಲವೆಂಬಂತೆ ಬಾಲ ಆಡಿಸುತ್ತದೆ. ಫಿಟ್ಸ್ ನಲ್ಲಿ ಜೊಲ್ಲು ಸುರಿಯುತ್ತದೆ, ಕಾಲುಗಳು ಸೈಕಲ್ ತುಳಿದಂತೆ ಆಡುತ್ತವೆ, ಆಮೇಲೂ ಬಹಳ ಹೊತ್ತು ಮಂಕು ಕವಿದಿರುತ್ತದೆ. ಗಾಬರಿಯ ನಡುವೆಯೂ ಮನೆಯಲ್ಲಿ ಒಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರೆ ಅದಕ್ಕಿಂತ ದೊಡ್ಡ ಉಪಕಾರ ವೈದ್ಯರಿಗಿಲ್ಲ.

ದೊಡ್ಡ ತಳಿಗಳಲ್ಲಿ, ಅದರಲ್ಲೂ ಡಾಬರ್‌ಮನ್ ಮತ್ತು ಗ್ರೇಟ್ ಡೇನ್‌ಗಳಲ್ಲಿ, ಕೆಡುವುದು ಹೃದಯದ ಸ್ನಾಯು. ಅದು ತೆಳುವಾಗಿ, ಹಿಗ್ಗಿ, ಹಿಂಡುವ ಶಕ್ತಿ ಕಳೆದುಕೊಳ್ಳುತ್ತದೆ. ಇದನ್ನು ಡೈಲೇಟೆಡ್ ಕಾರ್ಡಿಯೋಮಯೋಪತಿ ಎನ್ನುತ್ತಾರೆ. ಮರ್ಮರ್ ಇಲ್ಲದೆಯೂ ಇದು ಬರುವುದರಿಂದ ಸ್ಟೆತೋಸ್ಕೋಪನ್ನು ಮಾತ್ರ ನಂಬಲಾಗದು. ಡಾಬರ್‌ಮನ್‌ಗಳಲ್ಲಿ ಮೊದಲ ಸುಳಿವು ಬಡಿತದ ಲಯ ತಪ್ಪುವುದಾಗಿರಬಹುದು. ಇಡೀ 24 ಗಂಟೆಯ ಇಸಿಜಿ ದಾಖಲಿಸುವ ಹೋಲ್ಟರ್ ಪರೀಕ್ಷೆ ಇರುವುದು ಅದಕ್ಕಾಗಿಯೇ. ಲಕ್ಷಣ ಕಾಣದ ಡಾಬರ್‌ಮನ್‌ಗಳಲ್ಲೂ ಪಿಮೋಬೆಂಡಾನ್ ವೈಫಲ್ಯವನ್ನು ಅಥವಾ ಹಠಾತ್ ಸಾವನ್ನು ಮುಂದೂಡುತ್ತದೆ ಎಂದು 2012ರ ಪ್ರೊಟೆಕ್ಟ್ ಅಧ್ಯಯನ ತೋರಿಸಿತು: 718 ದಿನಗಳು, ಔಷಧವಿಲ್ಲದೆ 441. ಡಾಬರ್‌ಮನ್ ಸಾಕುವವರು ಅದು ನಾಲ್ಕು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಈ ಪರೀಕ್ಷೆಗಳಿಗೆ ಹಣ ತೆಗೆದಿಡುವುದು ಒಳಿತೆಂದು ನನ್ನ ಅಭಿಪ್ರಾಯ.

ಈ ಕಾಯಿಲೆ ಬಲಿತಾಗ ಹೊಟ್ಟೆಯಲ್ಲಿ ನೀರು ತುಂಬಬಹುದು. ಆದರೆ ಹೊಟ್ಟೆ ಉಬ್ಬಿದ್ದೆಲ್ಲ ಹೃದಯದ್ದಲ್ಲ. ಯಕೃತ್ತಿನ ಕಾಯಿಲೆಯಿಂದಲೂ, ರಕ್ತದಲ್ಲಿ ಪ್ರೋಟೀನ್ ಕುಸಿದಾಗಲೂ ನೀರು ತುಂಬುತ್ತದೆ. ಉಣ್ಣಿಗಳಿಂದ ಹರಡುವ ಜ್ವರ ನಮ್ಮಲ್ಲಿ ಸಾಮಾನ್ಯವಾದ್ದರಿಂದ ರಕ್ತಪರೀಕ್ಷೆಯಿಲ್ಲದೆ ಮುಂದುವರಿಯಬಾರದು.

ಬೆಕ್ಕುಗಳ ಕಡೆಗೆ ಬರೋಣ. ಸುಮಾರು ನೂರಕ್ಕೆ 15 ಬೆಕ್ಕುಗಳಲ್ಲಿ ಹೃದಯದ ಗೋಡೆ ದಪ್ಪಗಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಕಂಡುಬರುತ್ತದೆಂದು ಅಂದಾಜಿದೆ. ಮೇಯ್ನ್ ಕೂನ್, ರ‍್ಯಾಗ್‌ಡಾಲ್ ತಳಿಗಳಲ್ಲಿ ಇದಕ್ಕೆ ಕಾರಣವಾಗುವ ವಂಶವಾಹಿಯ ದೋಷವನ್ನೇ ಪತ್ತೆ ಹಚ್ಚಲಾಗಿದೆ. ಮರಿಯನ್ನು ದುಬಾರಿ ಬೆಲೆಗೆ ಕೊಳ್ಳುವವರು ಆ ಪರೀಕ್ಷೆಯ ಫಲಿತಾಂಶವನ್ನೂ ಕೇಳಬೇಕು. ಆದರೆ ಹೆಚ್ಚಿನ ರೋಗಿಗಳು ಮನೆಯ ಸಾಮಾನ್ಯ ಬೆಕ್ಕುಗಳೇ. ಬಹಳಷ್ಟು ಬೆಕ್ಕುಗಳು ಈ ಕಾಯಿಲೆಯೊಂದಿಗೆ ತೊಂದರೆಯಿಲ್ಲದೆ ಬಾಳುತ್ತವೆ, ಕೆಲವು ಬಾಳುವುದಿಲ್ಲ. ಬೆಕ್ಕು ತನ್ನ ನೋವನ್ನು ಬಚ್ಚಿಡುವುದರಲ್ಲಿ ನಿಪುಣ. ಅದು ಹೃದಯ ಕಾಯಿಲೆಯಲ್ಲಿ ಕೆಮ್ಮುವುದು ಅಪರೂಪ. ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ಊಟ ಬಿಡುತ್ತದೆ, ಅಷ್ಟೆ. ಬೆಕ್ಕು ನಾಯಿಯಂತೆ ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದನ್ನು ತುರ್ತು ಸ್ಥಿತಿಯೆಂದೇ ತಿಳಿಯಬೇಕು. ವಯಸ್ಸಾದ ಬೆಕ್ಕಿನಲ್ಲಿ ಥೈರಾಯ್ಡ್ ಹೆಚ್ಚಿದ್ದರೆ, ರಕ್ತದೊತ್ತಡ ಏರಿದ್ದರೆ ಅವೂ ಹೃದಯದ ಗೋಡೆಯನ್ನು ದಪ್ಪಗಾಗಿಸುವುದರಿಂದ ಅವೆರಡನ್ನೂ ಪರೀಕ್ಷಿಸಬೇಕು.

ಬೆಕ್ಕಿನ ಹೃದಯ ಕಾಯಿಲೆಯ ಅತ್ಯಂತ ಕ್ರೂರ ರೂಪ ಇನ್ನೊಂದಿದೆ. ಹಿಗ್ಗಿದ ಹೃತ್ಕರ್ಣದಲ್ಲಿ ರಕ್ತ ನಿಧಾನವಾಗಿ ಹೆಪ್ಪುಗಟ್ಟಿ, ಆ ಗಡ್ಡೆ ಹರಿದುಹೋಗಿ ಮಹಾಪಧಮನಿ ಹಿಂಗಾಲುಗಳಿಗೆ ಕವಲೊಡೆಯುವಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಕ್ಕು ಒಮ್ಮೆಲೇ ಚೀರಿ, ಹಿಂಗಾಲುಗಳನ್ನು ಎಳೆದುಕೊಂಡು ಬರುತ್ತದೆ. ಮಹಡಿಯಿಂದ ಬಿದ್ದಿರಬೇಕು, ಯಾರೋ ಹೊಡೆದಿರಬೇಕು ಎಂದು ಮನೆಯವರು ತಿಳಿಯುತ್ತಾರೆ. ಆಗ ಹಿಂಗಾಲಿನ ಪಾದವನ್ನು ಮುಟ್ಟಿ, ಮುಂಗಾಲಿನೊಂದಿಗೆ ಹೋಲಿಸಿ ನೋಡಬೇಕು. ತಣ್ಣಗಿದ್ದು, ಗುಲಾಬಿ ಬಣ್ಣದ ಅಂಗಾಲು ಬಿಳಿಚಿದ್ದರೆ ಅಥವಾ ನೀಲಿಗಟ್ಟಿದ್ದರೆ ಅದು ಮೂಳೆ ಮುರಿತವಲ್ಲ, ರಕ್ತ ನಿಂತದ್ದು. ಕಾಲನ್ನು ಬಿಸಿನೀರಿನಲ್ಲಿ ಕಾಯಿಸುವುದು, ತಿಕ್ಕುವುದು ಬೇಡ. ನೋವು ಅಸಹನೀಯವಾಗಿರುವುದರಿಂದ ಮೊದಲು ನೋವು ಶಮನದ ಚುಚ್ಚುಮದ್ದು ಸಿಗುವಲ್ಲಿಗೆ ಕರೆದೊಯ್ಯಬೇಕು. ಬದುಕಿ ಉಳಿದ ಬೆಕ್ಕುಗಳಲ್ಲಿ ಇದು ಮರುಕಳಿಸದಂತೆ ತಡೆಯುವುದರಲ್ಲಿ ಆಸ್ಪಿರಿನ್‌ಗಿಂತ ಕ್ಲೋಪಿಡೊಗ್ರೆಲ್ ಮೇಲು ಎಂದು 2015ರಲ್ಲಿ ಪ್ರಕಟವಾದ ಹೋಲಿಕೆ ಅಧ್ಯಯನ ತೋರಿಸಿದೆ. ಆ ಮಾತ್ರೆ ವಿಪರೀತ ಕಹಿ. ಬೆಕ್ಕು ನೊರೆ ಕಾರುವುದನ್ನು ಕಂಡು ಹೆದರಿ ಬಿಟ್ಟುಬಿಡುವವರು ಬಹಳ. ಖಾಲಿ ಕ್ಯಾಪ್ಸೂಲಿನೊಳಗೆ ಇಟ್ಟು ಕೊಡುವುದನ್ನು ವೈದ್ಯರಿಂದ ಕಲಿತುಕೊಳ್ಳಿ.

ಆಹಾರದಿಂದ ಬರುವ ಹೃದಯ ಕಾಯಿಲೆಯೂ ಒಂದಿದೆ, ಅದು ನಮ್ಮ ಎಷ್ಟೋ ಮನೆಗಳಿಗೆ ನೇರವಾಗಿ ಸಂಬಂಧಿಸಿದ್ದು. ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು; ಅದು ಮಾಂಸ, ಮೀನಿನಿಂದಲೇ ಬರಬೇಕು. ಟಾರಿನ್ ಕೊರತೆಯಿಂದ ಬೆಕ್ಕುಗಳ ಹೃದಯಸ್ನಾಯು ಸೋಲುತ್ತದೆ, ಅದನ್ನು ಪೂರೈಸಿದರೆ ಚೇತರಿಸಿಕೊಳ್ಳುತ್ತದೆ ಎಂದು 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಮೇಲೆ ಬೆಕ್ಕಿನ ಸಿದ್ಧ ಆಹಾರದಲ್ಲಿ ಅದರ ಪ್ರಮಾಣ ಹೆಚ್ಚಿಸಲಾಯಿತು, ಆ ಕಾಯಿಲೆ ಬಹುಮಟ್ಟಿಗೆ ಮರೆಯಾಯಿತು. ಆದರೆ ಹಾಲನ್ನ, ಮೊಸರನ್ನವನ್ನೇ ತಿನ್ನಿಸಿ ಮನೆಯೊಳಗೇ ಸಾಕುವ ಬೆಕ್ಕಿಗೆ ಈ ಸಂಶೋಧನೆಯ ಲಾಭ ತಲುಪುವುದಿಲ್ಲ. ಮನೆಯಲ್ಲಿ ಮಾಂಸ ತರುವುದಿಲ್ಲ ಎಂಬ ಆಚಾರವನ್ನು ಗೌರವಿಸುತ್ತೇನೆ; ಹಾಗಿದ್ದಲ್ಲಿ ಅಂಗಡಿಯ ಸಮತೋಲಿತ ಬೆಕ್ಕಿನ ಆಹಾರವನ್ನಾದರೂ ತರಬೇಕು. ನಾಯಿಗಳಲ್ಲಿ, ಧಾನ್ಯವಿಲ್ಲದ, ಬಟಾಣಿ ಮತ್ತು ಬೇಳೆಗಳು ಹೆಚ್ಚಿರುವ ಕೆಲವು ಸಿದ್ಧ ಆಹಾರಗಳಿಗೂ ಹೃದಯಸ್ನಾಯುವಿನ ಕಾಯಿಲೆಗೂ ನಂಟಿರಬಹುದೆಂದು 2018ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಎಚ್ಚರಿಸಿತು. ಆ ಚರ್ಚೆ ಇನ್ನೂ ಮುಗಿದಿಲ್ಲವಾದರೂ, ಕಾರಣವಿಲ್ಲದೆ ಅಂಥ ಆಹಾರಕ್ಕೆ ಹೆಚ್ಚು ಹಣ ತೆರುವ ಅಗತ್ಯ ನನಗೆ ಕಾಣುವುದಿಲ್ಲ.

ಶ್ವಾಸಕೋಶಕ್ಕೆ ನೀರು ಬಂದ ನಾಯಿಯ ಚಿಕಿತ್ಸೆಯಲ್ಲಿ ಆಧಾರಸ್ತಂಭ ಫ್ಯೂರೋಸೆಮೈಡ್, ಅಂದರೆ ನೀವು ಬಲ್ಲ ಲ್ಯಾಸಿಕ್ಸ್. ಜೊತೆಗೆ ಪಿಮೋಬೆಂಡಾನ್, ಎನಲಾಪ್ರಿಲ್ ಅಥವಾ ಬೆನಜೆಪ್ರಿಲ್, ಸ್ಪೈರೊನೊಲ್ಯಾಕ್ಟೋನ್. ಪಿಮೋಬೆಂಡಾನನ್ನು 12 ಗಂಟೆಗೊಮ್ಮೆ, ಊಟಕ್ಕೆ ಒಂದು ಗಂಟೆ ಮೊದಲು ಕೊಡುವುದು ಉತ್ತಮ. ಫ್ಯೂರೋಸೆಮೈಡ್ ಕೊಟ್ಟ ಮೇಲೆ ಒಂದೆರಡು ಗಂಟೆಯಲ್ಲಿ ಮೂತ್ರ ಹೆಚ್ಚಾಗುತ್ತದೆ, ಬಾಯಾರಿಕೆಯೂ ಹೆಚ್ಚಾಗುತ್ತದೆ. ಮನೆಯೊಳಗೆ ಗಲೀಜಾಗುತ್ತದೆಂದು ನೀರಿನ ಬಟ್ಟಲು ಎತ್ತಿಡುವವರಿದ್ದಾರೆ. ಹಾಗೆ ಮಾಡಿದರೆ ಮೂತ್ರಪಿಂಡ ಕೆಡುತ್ತದೆ. ನೀರು ಸದಾ ಇರಬೇಕು, ಹೊರಗೆ ಕರೆದೊಯ್ಯುವ ಹೊತ್ತನ್ನು ಬದಲಿಸಬೇಕು. ಔಷಧ ಆರಂಭಿಸಿದ ಒಂದೆರಡು ವಾರಗಳಲ್ಲಿ ಮೂತ್ರಪಿಂಡದ ಪರೀಕ್ಷೆ, ಪೊಟ್ಯಾಸಿಯಂ ಪರೀಕ್ಷೆ ಆಗಲೇಬೇಕು. ಕುಂಟುತ್ತಿದೆಯೆಂದು ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡುವುದು ಯಾವ ನಾಯಿಗೂ ಅಪಾಯ. ಈ ಔಷಧಗಳ ಮೇಲಿರುವ ನಾಯಿಗೆ ಇನ್ನೂ ಅಪಾಯ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ. ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವ ಅನಾಹುತ ಇದು: ನಾಯಿ ಗೆಲುವಾಯಿತೆಂದು ಮಾತ್ರೆ ನಿಲ್ಲಿಸುವುದು. ಅದು ಗೆಲುವಾಗಿರುವುದು ಮಾತ್ರೆಯಿಂದಲೇ.

ಊಟದಲ್ಲಿ ಉಪ್ಪು ಕಡಿಮೆಯಾಗಬೇಕು, ಊಟವೇ ಕಡಿಮೆಯಾಗಬಾರದು. ಹಪ್ಪಳ, ಚಿಪ್ಸ್, ಬಿಸ್ಕತ್ತು, ಸಾರು ಕಲಸಿದ ಅನ್ನ, ಕರಾವಳಿಯ ಮನೆಗಳಲ್ಲಿ ಬೆಕ್ಕಿಗೆ ಹಾಕುವ ಉಪ್ಪಿನ ಒಣಮೀನು ಇವೆಲ್ಲ ನಿಲ್ಲಬೇಕು. ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ಹೇಗೂ ನಾಯಿ, ಬೆಕ್ಕುಗಳಿಗೆ ಒಗ್ಗುವುದಿಲ್ಲ. ಮಾತ್ರೆಯನ್ನು ಚೀಸ್ ತುಂಡಿನಲ್ಲಿ ಅಡಗಿಸಿದರೆ ದಿನಕ್ಕೆರಡು ಸಲ ಉಪ್ಪು ತಿನ್ನಿಸಿದಂತೆ. ಉಪ್ಪು ಹಾಕದ ರಾಗಿ ಮುದ್ದೆಯ ಚೂರು ಅಥವಾ ಬೇಯಿಸಿದ ಕೋಳಿಯ ಎಳೆ ಸಾಕು. ಹೃದಯ ವೈಫಲ್ಯದಲ್ಲಿ ಬೆನ್ನಿನ, ತೊಡೆಯ ಸ್ನಾಯು ಕರಗುತ್ತದೆ. ಪಥ್ಯದ ಹೆಸರಿನಲ್ಲಿ ಗಂಜಿ ಮಾತ್ರ ಕೊಡುವುದು, ಪ್ರೋಟೀನ್ ಕಡಿಮೆ ಮಾಡುವುದು ಆ ಕರಗುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ನಡಿಗೆ ಇರಲಿ, ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ, ನಾಯಿಯ ಇಷ್ಟದ ವೇಗದಲ್ಲಿ, ಕೊರಳಪಟ್ಟಿಯ ಬದಲು ಎದೆಪಟ್ಟಿ ಹಾಕಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ತರಲೇಬಾರದು. ದೀಪಾವಳಿಯ ಪಟಾಕಿ ಹೆದರಿಕೆಯಿದ್ದರೆ ಹಬ್ಬದ ಸಂಜೆ ಫೋನ್ ಮಾಡದೆ ಎರಡು ವಾರ ಮೊದಲೇ ವೈದ್ಯರೊಂದಿಗೆ ಮಾತಾಡಿ.

ರಾತ್ರಿ ಉಸಿರುಗಟ್ಟಿದಾಗ ನಾಯಿಯನ್ನು ಬಲವಂತವಾಗಿ ಮಲಗಿಸಬೇಡಿ, ಬಾಯಿಗೆ ನೀರು ಸುರಿಯಬೇಡಿ. ಕಿಟಕಿ ತೆರೆದು, ಅದು ಕೂತ ಭಂಗಿಯಲ್ಲೇ ಎತ್ತಿಕೊಂಡು, ಆಮ್ಲಜನಕ ಇದೆಯೇ ಎಂದು ಫೋನಿನಲ್ಲಿ ಕೇಳಿ ಖಚಿತಪಡಿಸಿಕೊಂಡು ಹೊರಡಿ. ಅಲ್ಲಿ ತಲುಪಿದ ಕೂಡಲೇ ಎಕ್ಸ್-ರೇ ಆಗಲಿಲ್ಲವೆಂದು ಸಿಟ್ಟಾಗಬೇಡಿ. ಉಸಿರಿಗೆ ಪರದಾಡುವ ಪ್ರಾಣಿಯನ್ನು ಹಿಡಿದು ಅಂಗಾತ ಮಲಗಿಸಿದರೆ ಮೇಜಿನ ಮೇಲೆಯೇ ಪ್ರಾಣ ಹೋಗಬಹುದು. ಮೊದಲು ಆಮ್ಲಜನಕ ಮತ್ತು ಚುಚ್ಚುಮದ್ದು, ಆಮೇಲೆ ಚಿತ್ರ.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಎರಡು ತಿಂಗಳ ಮರಿಗೆ ಮರ್ಮರ್ ಇದೆ, ಮರಳಿ ಕೊಟ್ಟುಬಿಡಬೇಕೇ ಎಂದು ಒಬ್ಬರು ಕೇಳಿದರು. ಮರಿಗಳಲ್ಲಿ ಕೆಲವು ಮೆಲುವಾದ ಮರ್ಮರ್‌ಗಳು ಬೆಳೆದಂತೆ ತಾವೇ ಹೋಗುತ್ತವೆ. ಬಿಡುವಿಲ್ಲದೆ ಗಿರಗುಟ್ಟುವ ಜೋರಾದ ಮರ್ಮರ್ ಆದರೆ, ಹುಟ್ಟಿದ ಮೇಲೆ ಮುಚ್ಚಬೇಕಿದ್ದ ರಕ್ತನಾಳವೊಂದು ಮುಚ್ಚದೆ ಉಳಿದಿರುವ ಸಾಧ್ಯತೆ ಹೆಚ್ಚು. ಇಂದು ನಾನು ಹೇಳಿದ ಕಾಯಿಲೆಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಪೂರ್ತಿ ವಾಸಿಯಾಗಬಲ್ಲದ್ದು ಮುಖ್ಯವಾಗಿ ಅದೊಂದೇ. ತಡಮಾಡಿದರೆ ಆ ಅವಕಾಶ ತಪ್ಪುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂತಹ ಬೋಧನಾ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಯಾರು ಆ ಶಸ್ತ್ರಚಿಕಿತ್ಸೆ ಮಾಡುತ್ತಾರೆಂದು ಅಲ್ಲೇ ವಿಚಾರಿಸಿ.

ಮತ್ತೊಬ್ಬರ ಪ್ರಶ್ನೆ: ಮರ್ಮರ್ ಇರುವ ಹತ್ತು ವರ್ಷದ ನಾಯಿಗೆ ಹಲ್ಲು ಕೊಳೆತಿದೆ, ಅರಿವಳಿಕೆ ಕೊಡಬಹುದೇ? ಬಿ1 ಹಂತದಲ್ಲಿದ್ದರೆ ಎಚ್ಚರಿಕೆಯಿಂದ ಕೊಡಬಹುದು. ಬಿ2 ಆದರೆ ಮೊದಲು ಎಕೋ ನೋಡಿ, ಔಷಧ ಆರಂಭಿಸಿ, ಅರಿವಳಿಕೆಯ ಹೊತ್ತಿನಲ್ಲಿ ಸಲೈನ್ ಪ್ರಮಾಣವನ್ನು ಹಿಡಿತದಲ್ಲಿಟ್ಟು ಮಾಡಬಹುದು. ಶ್ವಾಸಕೋಶದಲ್ಲಿ ನೀರಿದ್ದರೆ ಅದು ಪೂರ್ತಿ ಹತೋಟಿಗೆ ಬರುವವರೆಗೆ ಮುಂದೂಡಬೇಕು. ಆ ನಾಯಿ ಈಗ ಯಾವ ಹಂತದಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಮುಂದಿನ ವಾರದ ಹಲ್ಲಿನ ಅಪಾಯಿಂಟ್‌ಮೆಂಟ್ ರದ್ದು ಮಾಡದೆ, ಅದೇ ದಿನ ಮೊದಲು ಎದೆಯ ಎಕ್ಸ್-ರೇ ತೆಗೆಸಲು ಹೇಳಿದ್ದೇನೆ.